ಕಲ್ಪಿತ ದೇಶವೊಂದರ ಅಂಚೆ ವ್ಯವಸ್ಥೆಯನ್ನು ನಂಬುವಂತೆ ಕಟ್ಟುವುದು ಹೇಗೆ?

ಪ್ರಶ್ನೆ

ನಾನು ಬರೆಯುತ್ತಿರುವ ಕಾದಂಬರಿಯ ಕಥೆ ಯಾವ ನಕ್ಷೆಯಲ್ಲೂ ಇಲ್ಲದ ದೇಶವೊಂದರಲ್ಲಿ ನಡೆಯುತ್ತದೆ. ಒಂದು ದೊಡ್ಡ ದ್ವೀಪ, ಅದರ ಸುತ್ತ ಮೂರು ಪುಟ್ಟ ದ್ವೀಪಗಳು, ಎಲ್ಲ ಸೇರಿ ಎರಡು ಲಕ್ಷ ಜನ. ಕಥಾನಾಯಕಿ ರಾಜಧಾನಿಯ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ವಿಂಗಡಿಸುವವಳು. ಆದ್ದರಿಂದ ಅಲ್ಲಿನ ಅಂಚೆಯ ಚರಿತ್ರೆ ಮತ್ತು ದಿನನಿತ್ಯದ ಕೆಲಸ ಎರಡೂ ಕಥೆಯ ಬೆನ್ನೆಲುಬಾಗಬೇಕು. ಸದ್ಯಕ್ಕೆ ನಾನು ಬರೆದಿರುವುದು ಇಷ್ಟೆ: ರಾಜನೊಬ್ಬ ಆಜ್ಞೆ ಹೊರಡಿಸಿದ, ತನ್ನ ಮುಖವಿರುವ ಅಂಚೆ ಚೀಟಿಯನ್ನು ಅಚ್ಚು ಹಾಕಿಸಿದ, ಮರುದಿನದಿಂದ ಪತ್ರಗಳು ಊರೂರಿಗೆ ತಲುಪತೊಡಗಿದವು. ಓದಿದಾಗಲೆಲ್ಲ ಇದು ಆಟಿಕೆಯ ದೇಶದಂತೆ ಕಾಣುತ್ತದೆ. ಅಂಚೆ ಚೀಟಿ ಬರುವುದಕ್ಕೆ ಮೊದಲು ಏನಿದ್ದಿರಬೇಕು, ಹೊರದೇಶಗಳಿಗೆ ಪತ್ರ ಯಾವ ಒಪ್ಪಂದದ ಮೇಲೆ ಹೋಗಬೇಕು, ಕಚೇರಿಯ ಒಳಗೆ ಏನು ನಡೆಯಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ವಿನಂತಿ.

ಮೊದಲ ಉತ್ತರ

ರಾಜನ ಮುಖದಿಂದ ಆರಂಭಿಸಿದ್ದರಿಂದಲೇ ತೊಡಕು ಬಂದಿದೆ ಎಂದು ನನಗೆ ತೋರುತ್ತದೆ. ಅಂಚೆಯ ಚರಿತ್ರೆಯನ್ನು ಕಟ್ಟುವವರು ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಹಣ ಕೊಡುವವರು ಯಾರು, ಯಾವಾಗ ಕೊಡುತ್ತಾರೆ?

ಪ್ರಾಚೀನ ಅಂಚೆಗಳು ಜನರಿಗಾಗಿ ಇರಲಿಲ್ಲ. ಸಾರ್ಡಿಸ್‌ನಿಂದ ಸೂಸಾದವರೆಗೆ ಪರ್ಷಿಯದ ಅರಸರು ನಡೆಸಿದ ಕುದುರೆ ಸವಾರರ ಸರಣಿಯಾಗಲಿ, ಆಗಸ್ಟಸ್ ಸ್ಥಾಪಿಸಿದ ರೋಮನ್ ರಾಜ್ಯದ ಸಾರಿಗೆಯಾಗಲಿ, ಮಂಗೋಲರ ‘ಯಾಮ್’ ಎಂಬ ಸವಾರರ ಠಾಣೆಗಳ ಜಾಲವಾಗಲಿ, ಎಲ್ಲವೂ ಆಳುವವನ ಕಣ್ಣು ಕಿವಿಗಳಾಗಿದ್ದವು. ಸಾಮಾನ್ಯ ಜನರ ಪತ್ರಗಳು ವ್ಯಾಪಾರಿಗಳ, ಯಾತ್ರಿಕರ, ನಾವಿಕರ ಕೈಯಲ್ಲಿ ಸಾಗುತ್ತಿದ್ದವು. ನಿಮ್ಮದು ದ್ವೀಪದೇಶವಾದ್ದರಿಂದ ದೋಣಿಯವರೇ ನಿಮ್ಮ ಮೊದಲ ಅಂಚೆಯವರಾಗಿರಲಿ. ಹಡಗಿನ ನಾಯಕನು ತಂದ ಪತ್ರಗಳನ್ನು ಬಂದರಿನ ಅಂಚೆ ಕಚೇರಿಗೆ ಒಪ್ಪಿಸಿದರೆ ಪತ್ರವೊಂದಕ್ಕೆ ಇಷ್ಟೆಂದು ಹಣ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿತ್ತು. ಅಂಥದೇ ಕಟ್ಟಳೆಯೊಂದು ನಿಮ್ಮ ಅಂಚೆ ಇಲಾಖೆಯ ಬೀಜವಾಗಬಹುದು.

ಅಂಚೆ ಚೀಟಿ ಹುಟ್ಟಿದ ಸಂದರ್ಭವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಕಥೆಗೆ ಬೇಕಾದ ಜಗಳವೆಲ್ಲ ಅಲ್ಲಿದೆ. 1840ಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆ ದರವು ದೂರವನ್ನೂ ಕಾಗದದ ಹಾಳೆಗಳ ಸಂಖ್ಯೆಯನ್ನೂ ಅವಲಂಬಿಸಿತ್ತು, ಮತ್ತು ಹೆಚ್ಚಾಗಿ ಹಣ ತೆರುತ್ತಿದ್ದವರು ಪತ್ರ ಪಡೆಯುವವರು. ಲಂಡನ್ನಿನಿಂದ ಎಡಿನ್‌ಬರೊಗೆ ಹೋಗುವ ಪತ್ರಕ್ಕೆ ಒಂದು ಶಿಲಿಂಗ್‌ಗೂ ಹೆಚ್ಚು, ಅಂದರೆ ಹನ್ನೆರಡು ಪೆನ್ನಿಗೂ ಮೀರಿ, ತಗಲುತ್ತಿತ್ತು. ಅಂಚೆಯ ಸುಧಾರಣೆಗಾಗಿ ವಾದಿಸಿದ ರೋಲೆಂಡ್ ಹಿಲ್ 1837ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಆ ಪತ್ರವನ್ನು ಅಷ್ಟು ದೂರ ಹೊತ್ತೊಯ್ಯುವ ನಿಜವಾದ ಖರ್ಚು ಒಂದು ಪೆನ್ನಿಯ ಮೂವತ್ತಾರನೇ ಒಂದು ಭಾಗ ಮಾತ್ರ. ಉಳಿದ ಖರ್ಚಿನಲ್ಲಿ ದೊಡ್ಡ ಪಾಲು ಪ್ರತಿ ಪತ್ರಕ್ಕೂ ಬೇರೆ ಬೇರೆ ದರ ಬರೆಯುವುದಕ್ಕೆ, ಮನೆಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದಕ್ಕೆ, ಅದನ್ನು ಮತ್ತೆ ಲೆಕ್ಕಕ್ಕೆ ಸೇರಿಸುವುದಕ್ಕೆ ಹೋಗುತ್ತಿತ್ತು. ಆದ್ದರಿಂದ ದೇಶದೊಳಗೆ ಎಷ್ಟೇ ದೂರವಿರಲಿ, ಅರ್ಧ ಔನ್ಸ್ ತೂಕದವರೆಗೆ ಒಂದೇ ಪೆನ್ನಿ, ಅದೂ ಮುಂಗಡವಾಗಿ, ಎಂಬ ಸೂತ್ರ ಬಂದಿತು. ಅಂಚೆ ಚೀಟಿ ಎಂಬುದು ಹೀಗೆ ಮುಂಗಡ ಹಣಕ್ಕೆ ಕೊಟ್ಟ ರಸೀದಿ. ಅರಸನ ಅಥವಾ ರಾಣಿಯ ಮುಖ ನಕಲು ತಡೆಯುವುದಕ್ಕೆ ನೆರವಾದ ಚಿತ್ರ.

ಪರಿಣಾಮವನ್ನೂ ಗಮನಿಸಿ. 1839ರಲ್ಲಿ ಸುಮಾರು 7.6 ಕೋಟಿ ಇದ್ದ ಪತ್ರಗಳ ಸಂಖ್ಯೆ 1840ರಲ್ಲಿ ಸುಮಾರು 16.9 ಕೋಟಿಗೆ ಏರಿತು, ಆದರೆ ಇಲಾಖೆಯ ನಿವ್ವಳ ಆದಾಯ ಕುಸಿದು ಹಿಂದಿನ ಮಟ್ಟಕ್ಕೆ ಮರಳಲು ದಶಕಗಳೇ ಬೇಕಾದವು. 1840ರ ಆ ಮೊದಲ ಕಪ್ಪು ಚೀಟಿಯ ಮೇಲೆ ಒತ್ತಿದ ಕೆಂಪು ಮುದ್ರೆಯನ್ನು ಅಳಿಸಿ ಚೀಟಿಯನ್ನು ಮತ್ತೆ ಬಳಸಬಹುದೆಂಬ ಭಯದಿಂದ 1841ರಲ್ಲಿ ಬಣ್ಣಗಳನ್ನೇ ಅದಲುಬದಲು ಮಾಡಬೇಕಾಯಿತು. ನಿಮ್ಮ ದೇಶದ ಖಜಾನೆಯ ಮಂತ್ರಿ ಇಪ್ಪತ್ತು ವರ್ಷ ಗೊಣಗಲಿ, ಮೊದಲ ಚೀಟಿಯಲ್ಲಿ ಒಂದು ತಪ್ಪಿರಲಿ. ಚರಿತ್ರೆ ತಾನಾಗಿ ನಂಬುವಂತಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ದೇಶವೊಂದು ದೇಶವೇ ಹೌದೋ ಅಲ್ಲವೋ ಎಂಬುದನ್ನು ಅಂಚೆ ಪರೀಕ್ಷಿಸುವುದು ಗಡಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹೊರದೇಶಕ್ಕೆ ಹೋಗುವ ಪತ್ರವು ದಾರಿಯಲ್ಲಿನ ಪ್ರತಿ ದೇಶದ ಪಾಲನ್ನೂ ಹೊತ್ತು ಸಾಗಬೇಕಿತ್ತು. ಎರಡೆರಡು ದೇಶಗಳ ನಡುವೆ ಬೇರೆ ಬೇರೆ ಒಪ್ಪಂದ, ಬೇರೆ ತೂಕ, ಬೇರೆ ದರ. ಜರ್ಮನಿಯ ಅಂಚೆಯ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಮುಂದಾಳುತನದಲ್ಲಿ 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ 22 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ, ಪತ್ರಗಳ ಮಟ್ಟಿಗೆ ತಾವೆಲ್ಲ ಒಂದೇ ಪ್ರದೇಶವೆಂದು ಘೋಷಿಸಿಕೊಂಡವು. 1878ರಿಂದ ಆ ಸಂಸ್ಥೆಗೆ ವಿಶ್ವ ಅಂಚೆ ಒಕ್ಕೂಟ ಎಂಬ ಹೆಸರು ನಿಂತಿತು.

ಆ ಒಪ್ಪಂದದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಅಂಶವೆಂದರೆ, ಪತ್ರ ಕಳುಹಿಸಿದ ದೇಶವೇ ಚೀಟಿಯ ಹಣವನ್ನು ಇಟ್ಟುಕೊಳ್ಳುತ್ತಿತ್ತು, ಬಟವಾಡೆ ಮಾಡುವ ದೇಶಕ್ಕೆ ಏನೂ ಸಲ್ಲುತ್ತಿರಲಿಲ್ಲ. ಪ್ರತಿ ಪತ್ರಕ್ಕೂ ಒಂದು ಮರುಪತ್ರ ಬರುತ್ತದೆ, ಕೊನೆಗೆ ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ ಅದರ ತಳದಲ್ಲಿತ್ತು. ಬರುವ ಅಂಚೆ ಹೆಚ್ಚು, ಹೋಗುವ ಅಂಚೆ ಕಡಿಮೆ ಇದ್ದ ದೇಶಗಳಿಗೆ ಇದು ಹೊರೆಯಾದ್ದರಿಂದ 1969ರ ಟೋಕಿಯೊ ಸಮ್ಮೇಳನದಲ್ಲಿ ಬಟವಾಡೆಗೆ ಪರಿಹಾರ ಕೊಡುವ ನಿಯಮ ಬಂದಿತು. ನಿಮ್ಮ ದ್ವೀಪದಿಂದ ದುಡಿಯಲು ಹೊರಗೆ ಹೋದವರು ಬಹಳವಿದ್ದರೆ, ಅವರು ಮನೆಗೆ ಬರೆಯುವ ಪತ್ರಗಳ ಬಟವಾಡೆಯ ಖರ್ಚೆಲ್ಲ ಆ ನಿಯಮ ಜಾರಿಗೆ ಬರುವವರೆಗೆ ನಿಮ್ಮ ಬಡ ಇಲಾಖೆಯ ತಲೆಯ ಮೇಲಿರುತ್ತದೆ.

ಒಕ್ಕೂಟ ನಿಮ್ಮ ದೇಶವನ್ನು ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಜವಾದ ಉದಾಹರಣೆಗಳಿವೆ. ಟರ್ಕಿಯೊಂದೇ ದೇಶವೆಂದು ಮಾನ್ಯ ಮಾಡಿರುವ ಉತ್ತರ ಸೈಪ್ರಸ್‌ಗೆ ಹೋಗುವ ಪತ್ರದ ಮೇಲೆ ‘ಮೆರ್ಸಿನ್ 10, ಟರ್ಕಿ’ ಎಂದು ಬರೆಯಬೇಕಾಗುತ್ತದೆ. ಇಂಗ್ಲೆಂಡಿನ ಕರಾವಳಿಯಾಚೆಯ ಲಂಡಿ ದ್ವೀಪದಲ್ಲಿ ಸರಕಾರಿ ಅಂಚೆ ಕಚೇರಿ ಮುಚ್ಚಿದ ಮೇಲೆ, ದ್ವೀಪದ ಒಡೆಯ ಮಾರ್ಟಿನ್ ಕೋಲ್ಸ್ ಹರ್ಮನ್ 1929ರಲ್ಲಿ ‘ಪಫಿನ್’ ಎಂಬ ತನ್ನದೇ ಮೌಲ್ಯದ ಚೀಟಿಗಳನ್ನು ಹೊರಡಿಸಿದ. ಅವು ಲಕೋಟೆಯ ಹಿಂಬದಿಯಲ್ಲಿ ಅಂಟಿ, ಪತ್ರವನ್ನು ದಡಕ್ಕೆ ಸಾಗಿಸುವ ಶುಲ್ಕವನ್ನಷ್ಟೇ ತೀರಿಸುತ್ತಿದ್ದವು. ಅಲ್ಲಿಂದ ಮುಂದಿನ ಪಯಣಕ್ಕೆ ಮುಂಬದಿಯಲ್ಲಿ ಬ್ರಿಟಿಷ್ ಚೀಟಿಯೇ ಬೇಕಿತ್ತು. ಒಂದೇ ಲಕೋಟೆಯ ಎರಡು ಬದಿಗಳಲ್ಲಿ ಎರಡು ಅಧಿಕಾರಗಳು! ನಿಮ್ಮ ಪುಟ್ಟ ದ್ವೀಪಗಳಲ್ಲೊಂದು ಪ್ರತ್ಯೇಕವಾಗಲು ಬಯಸಿದರೆ ಇದಕ್ಕಿಂತ ಸಮರ್ಪಕವಾದ ಚಿತ್ರ ನನಗೆ ಹೊಳೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಹೊರಗೆ ದುಡಿಯುವವರ ಪತ್ರಗಳ ಮಾತು ನನ್ನ ಕಥೆಯ ದಿಕ್ಕನ್ನೇ ಬದಲಿಸುತ್ತಿದೆ. ಕಥಾನಾಯಕಿಯ ತಂದೆಯೇ ಹೀಗೆ ಹೋದವನಾಗಬಹುದು. ಇನ್ನು ಕಚೇರಿಯ ಒಳಗಿನ ವಿಚಾರ ಉಳಿದಿದೆ. ಎರಡು ಲಕ್ಷ ಜನರ ದೇಶಕ್ಕೆ ಪಿನ್‌ಕೋಡ್ ಬೇಕೇ? ಚೀಟಿಗಳನ್ನು ಸಂಗ್ರಾಹಕರಿಗೆ ಮಾರಿಯೇ ಇಲಾಖೆ ನಡೆಯುವುದು ಸಾಧ್ಯವೇ?

ಮೂರನೆಯ ಉತ್ತರ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ತೀರ ಚಿಕ್ಕ ಸಮುದಾಯಕ್ಕೆ ಚೀಟಿ ಮಾರಾಟ ದೊಡ್ಡ ಆಸರೆಯಾಗಬಲ್ಲದು. ಪಿಟ್‌ಕೇರ್ನ್ ದ್ವೀಪವು 1940ರಲ್ಲಿ ಹೊರಡಿಸಿದ ಚೀಟಿಗಳ ಆದಾಯದಿಂದ ಅಲ್ಲಿ ಶಾಲೆ ಕಟ್ಟಲಾಯಿತು. ಎರಡು ಲಕ್ಷ ಜನಕ್ಕೆ ಅದು ಸಾಲದು.

ಪಿನ್‌ಕೋಡ್ ಬಹಳ ತಡವಾಗಿ ಬಂದ ಸಾಧನ: ಜರ್ಮನಿಯಲ್ಲಿ 1941, ಅಮೆರಿಕದಲ್ಲಿ 1963, ಭಾರತದಲ್ಲಿ 1972. ಅದಕ್ಕೆ ಮೊದಲು ಎಲ್ಲವೂ ವಿಂಗಡಿಸುವವರ ನೆನಪಿನಲ್ಲಿತ್ತು. ನಿಮ್ಮ ಕಥಾನಾಯಕಿಯ ನೆನಪೇ ಆ ದೇಶದ ಪಿನ್‌ಕೋಡ್ ಆಗಿರಲಿ. ಆದರೆ ಸುಮಾರು 250 ಜನರಷ್ಟೇ ಇರುವ ಟ್ರಿಸ್ಟನ್ ಡ ಕುನ್ಹಾ ದ್ವೀಪಕ್ಕೂ 2005ರಲ್ಲಿ ಪೋಸ್ಟ್‌ಕೋಡ್ ಕೊಡಬೇಕಾಯಿತು. ಅಂತರ್ಜಾಲದಲ್ಲಿ ಸಾಮಾನು ತರಿಸುವವರಿಗೆ ಅದಿಲ್ಲದೆ ತೊಂದರೆಯಾಗುತ್ತಿತ್ತು. ಹೊರಗಿನವರ ಒತ್ತಾಯಕ್ಕೆ ಬಂದ ಆ ಸಂಖ್ಯೆ ಅವಳ ನೆನಪಿನ ಬೆಲೆಯನ್ನು ಹೇಗೆ ಇಳಿಸುತ್ತದೆ ಎಂಬುದನ್ನು ನೀವು ಬರೆಯಬಹುದು.

ದಿನದ ಕೆಲಸ ಹೀಗಿರುತ್ತದೆ: ಬಂದ ಚೀಲದ ಮೊಹರು ಒಡೆಯದೆ ಇದೆಯೇ ಎಂದು ನೋಡಿ ತೆರೆಯುವುದು, ಚೀಟಿಗೆ ಮುದ್ರೆ ಒತ್ತುವುದು, ಗೂಡುಗಳ ಕಪಾಟಿನ ಮುಂದೆ ನಿಂತು ಮೊದಲು ಊರಿನಂತೆ, ಆಮೇಲೆ ಬೀದಿಗಳಲ್ಲಿ ಅಂಚೆಯವನು ನಡೆಯುವ ಕ್ರಮದಂತೆ ವಿಂಗಡಿಸುವುದು. ಸಾಮಾನ್ಯ ಪತ್ರಗಳನ್ನು ಯಾರೂ ಎಣಿಸುವುದಿಲ್ಲ. ರಿಜಿಸ್ಟರ್ಡ್ ಪತ್ರ ಮಾತ್ರ ಪ್ರತಿ ಕೈ ಬದಲಾದಾಗಲೂ ಪುಸ್ತಕದಲ್ಲಿ ಸಹಿ ಪಡೆಯುತ್ತದೆ. ಕಳೆದುಹೋದ ಪತ್ರದ ಕಥೆ ಬರೆಯುವವರು ಈ ವ್ಯತ್ಯಾಸವನ್ನು ಮರೆಯಬಾರದು, ಏಕೆಂದರೆ ಒಂದರಲ್ಲಿ ಹೊಣೆಗಾರನ ಹೆಸರಿರುತ್ತದೆ, ಇನ್ನೊಂದರಲ್ಲಿ ಯಾರ ಹೆಸರೂ ಇರುವುದಿಲ್ಲ.

ಹಾಗೆಯೇ ವಿಳಾಸದಾರರೂ ಸಿಗದ, ಕಳುಹಿಸಿದವರ ವಿಳಾಸವೂ ಇಲ್ಲದ ಪತ್ರಗಳಿಗೊಂದು ಕೋಣೆ ಬೇಕು. ಪತ್ರವನ್ನು ಎಲ್ಲಿಗೆ ಮರಳಿಸಬೇಕೆಂದು ತಿಳಿಯುವುದಕ್ಕಾಗಿ ಅಂಚೆಯ ನೌಕರರು ಅದನ್ನು ನಿಯಮದಂತೆಯೇ ತೆರೆಯುವ ಸ್ಥಳ ಅದು. ತಂದೆ ಬರೆದ ಪತ್ರವನ್ನು ಕಥಾನಾಯಕಿ ತನ್ನ ಗೂಡಿನ ಬದಲು ಅಲ್ಲಿ ಕಂಡರೆ, ಅದನ್ನು ತೆರೆಯುವ ಅಧಿಕಾರ ಅವಳಿಗೆ ಮಗಳಾಗಿ ಇದೆಯೋ ನೌಕರಳಾಗಿ ಇದೆಯೋ ಎಂಬುದನ್ನು ನಿಮ್ಮ ದೇಶದ ಅಂಚೆ ಕಾಯಿದೆಯಲ್ಲಿ ಈಗಲೇ ಬರೆದಿಡಿ.