ನಾಯಿ ಬರದಿದ್ದದ್ದಕ್ಕೆ ವಿಭಕ್ತಿ ಕಾರಣ

ಶೀನ ಬೀದಿಯಿಂದ ತಂದ ನಾಯಿಗೆ ‘ಮಾರ್ಕಸ್’ ಅಂತ ಹೆಸರಿಟ್ಟು ವಾರವಾಗಿತ್ತು. ಭಾನುವಾರ ಅವನ ಮನೆ ಜಗಲಿಯಲ್ಲಿ ಕಾಫಿಗೆ ಕೂತಾಗ, ಗೇಟಿನ ಹತ್ತಿರ ಮಲಗಿದ್ದ ಅದನ್ನು ಹತ್ತು ಸಲ ಕರೆದ. ಅದು ಒಂದು ಕಿವಿ ಎತ್ತಿ ಇಳಿಸಿತು, ಅಷ್ಟೇ.

“ಬರಲ್ಲ ಕಣೋ. ನೀನು ಪ್ರಥಮಾ ವಿಭಕ್ತಿಯಲ್ಲಿ ಕರೀತಿದ್ದೀಯ,” ಅಂದ ಜೋಸೆಫ. ಪಾದ್ರಿಯಾಗಲು ಹೋಗಿ, ಮೂರು ವರ್ಷ ಲ್ಯಾಟಿನ್ ಕಲಿತು, ಮದುವೆಯಾಗಿ ವಾಪಸು ಬಂದ ಆಸಾಮಿ. “ಮಾರ್ಕುಸ್ ಅಂದ್ರೆ ‘ಮಾರ್ಕನು’ ಅಂದ ಹಾಗೆ. ಕರೆಯೋದಾದ್ರೆ ‘ಮಾರ್ಕೆ’ ಅನ್ಬೇಕು. ರೋಮಿನ ದೊಡ್ಡ ಭಾಷಣಕಾರ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸಲ್ಲಿ ಓದ್ತಿದ್ದ ಮಗನಿಗೆ ಬುದ್ಧಿ ಹೇಳೋಕೆ ಒಂದು ಪುಸ್ತಕಾನೇ ಬರೆದ. ಶುರುವಲ್ಲೇ ‘ಮಾರ್ಕೆ ಫೀಲಿ’. ಮಗನೇ ಮಾರ್ಕಾ ಅಂತ.”

“ಮಗನ ಹೆಸರೂ ಮಾರ್ಕಸ್ಸಾ?”

“ಸಿಸೆರೊನೂ ಮಾರ್ಕಸ್, ಅವನಪ್ಪನೂ ಮಾರ್ಕಸ್. ರೋಮಿನವರಲ್ಲಿ ಗಂಡುಮಕ್ಕಳಿಗೆ ಸಾಮಾನ್ಯವಾಗಿ ಇಡ್ತಿದ್ದ ಹೆಸರೇ 18ರ ಆಸುಪಾಸು. ಬರೆಯೋವಾಗ ಬರೀ ಎಂ. ರೋಮಿನ ಹಳೇ ದೇವಸ್ಥಾನ ಪ್ಯಾಂಥಿಯಾನ್ ಮೇಲೂ ‘ಎಂ. ಅಗ್ರಿಪ್ಪ, ಎಲ್. ಎಫ್.’ ಅಂತ ಕೆತ್ತಿದೆ. ಲೂಸಿಯಸ್ಸನ ಮಗ ಅಂತ.”

“ಅಪ್ಪನ ಹೆಸರಿನ ಇನಿಷಿಯಲ್ಲು! ಥೇಟ್ ನಮ್ಮ ಹಾಗೇ. ಅರ್ಥ ಏನೋ ಮಾರ್ಕಸ್‌ಗೆ?”

“ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು. ಮಾರ್ಚ್ ತಿಂಗಳೂ ಅವನದೇ.”

ಎಲ್ಲರೂ ಯುದ್ಧದೇವತೆಯ ಕಡೆ ನೋಡಿದೆವು. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸುವ ಮನಸ್ಸಿಲ್ಲದೆ ಬಿದ್ದುಕೊಂಡಿತ್ತು.

“ವಿಭಕ್ತಿ ಅಂದ್ರೆ ನಮ್ಮ ‘ಉ, ಅನ್ನು, ಇಂದ, ಗೆ’ ಥರಾನಾ?” ಅಂದೆ.

“ಅದೇ. ಮಾರ್ಕುಮ್ ಅಂದ್ರೆ ಮಾರ್ಕನನ್ನು. ಮಾರ್ಕೀ, ಮಾರ್ಕನ. ಮಾರ್ಕೋ, ಮಾರ್ಕನಿಗೆ.”

“ಮಾರ್ಕನಿಂದ?”

“ಅದೂ ಮಾರ್ಕೋನೇ. ಹಿಂದೆ ಒಂದು ‘ಆ’ ಸೇರಿಸಿ ‘ಆ ಮಾರ್ಕೋ’ ಅಂತಾರೆ.”

“ಅಂದ್ರೆ ಸಾಲ ಮಾರ್ಕನಿಗೆ ಕೊಟ್ಟದ್ದಕ್ಕೂ ಮಾರ್ಕನಿಂದ ತಂದದ್ದಕ್ಕೂ ಇರೋ ವ್ಯತ್ಯಾಸ ಬರೀ ಒಂದು ‘ಆ’?” ಶೀನನ ಮುಖ ಅರಳಿತು. ನನಗೆ ಅವನು ಎರಡು ಸಾವಿರ ಕೊಡಬೇಕು. ಇಂಥ ಭಾಷೆ ಅವನ ಕೈಗೆ ಸಿಗಬಾರದು.

ಜೋಸೆಫ ಗಂಟಲು ಸರಿಮಾಡಿಕೊಂಡು, ಪೂಜೆಯ ಗಾಂಭೀರ್ಯದಲ್ಲಿ “ಮಾರ್ಕೆ!” ಅಂದ. ಇನ್ನೊಂದು ಕಿವಿ ಎದ್ದು ಬಿತ್ತು.

ಅಷ್ಟರಲ್ಲಿ ಶೀನನ ತಾಯಿ ಹಾಲನ್ನದ ತಟ್ಟೆ ಹಿಡಿದು ಬಾಗಿಲಿಗೆ ಬಂದು, “ಕರಿಯಾ” ಅಂದರು. ಯುದ್ಧದೇವತೆ ಮೂವರ ಕಾಲನ್ನೂ ತುಳಿದು, ಜೋಸೆಫನ ಮೇಲೆ ಕಾಫಿ ಚೆಲ್ಲಿ ಒಳಗೆ ನುಗ್ಗಿತು.

“ನೋಡಿದ್ಯಾ?” ಅಂದ ಜೋಸೆಫ, ಪ್ಯಾಂಟು ಒರೆಸಿಕೊಳ್ಳುತ್ತಾ. “ಕರಿಯ ಅಲ್ಲ, ಕರಿಯಾ. ಸಂಬೋಧನೆ!”