ಟಿ5 ಪೆಟ್ಟು: ಕರೆಂಟ್ ಕೊಟ್ಟು ಕಾಲಲ್ಲಿ ಸೈಕಲ್ ತುಳಿಸುವುದು ಮನೆಯಲ್ಲೇ ಆಗುತ್ತಾ?

ಏಣಿಯಿಂದಿಳಿದವ (ನಾಪೋಕ್ಲು ಕಡೆ):

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ಬೆನ್ನುಹುರಿಗೆ ಟಿ5 (ಎದೆ ಭಾಗದ ಐದನೇ ಮಟ್ಟ, ಅಂಕಿ ಕಡಿಮೆಯಾದಷ್ಟೂ ಜಾಗ ಮೇಲೆ) ಹತ್ತಿರ ಪೆಟ್ಟು. ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈ, ಬಾಯಿ ಎರಡೂ ಚೆನ್ನಾಗಿವೆ. ಕಣದಲ್ಲಿ ಗಾಲಿಕುರ್ಚಿ ಹಾಕಿಕೊಂಡು ಕಾಫಿ ಲೆಕ್ಕ ಬರೆಯುತ್ತೇನೆ, ಬೇಕಾದಷ್ಟು ಕೂಗಾಡುತ್ತೇನೆ.

ತೊಡೆಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಟ್ಟರೆ ಸ್ವಾಧೀನ ಇಲ್ಲದ ಕಾಲೇ ಪೆಡಲ್ ತುಳಿಯುವ ವಿಡಿಯೋ ನೋಡಿದೆ. ಎಫ್‌ಇಎಸ್ ಸೈಕಲ್ ಅಂತೆ. 2016ರಲ್ಲಿ ಜ್ಯೂರಿಕ್ ಹತ್ತಿರ ನಡೆದ ಸೈಬಾಥ್ಲಾನ್‌ನಲ್ಲಿ (ಅಂಗವೈಕಲ್ಯ ಇರುವವರು ಯಂತ್ರಗಳ ನೆರವಿನಿಂದ ಸ್ಪರ್ಧಿಸುವ ಕೂಟ) ಇದರದ್ದೇ ರೇಸ್ ನಡೆದಿತ್ತಂತೆ! ನನ್ನ ತೊಡೆ ಈಗ ಏಣಿಯ ಬಿದಿರಿನಷ್ಟಿದೆ. ಹಾಗಾಗಿ ಆಸೆ ಆಯಿತು. ಮೆಷಿನ್ ಬೆಲೆ ಕೇಳಿದೆ, ಸುಮ್ಮನೆ ಫೋನ್ ಇಟ್ಟೆ.

ನನ್ನ ತಮ್ಮ ಐಟಿಐ ಮಾಡಿದವ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೇ ಪಲ್ಪರ್‌ನ ಮೋಟಾರ್‌ಗೆ ಗೇರ್ ಕೂರಿಸಿ ಪೆಡಲ್ ತಿರುಗುವ ಹಾಗೆ ಮಾಡಿದ. ಅಮ್ಮನ ಸೊಂಟನೋವಿಗೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡುವ ಟೆನ್ಸ್ ಮೆಷಿನ್ ಮನೆಯಲ್ಲೇ ಇತ್ತು. ಹೋದ ಭಾನುವಾರ ಎರಡನ್ನೂ ಸೇರಿಸಿ ಇಪ್ಪತ್ತು ನಿಮಿಷ ನಡೆಸಿದೆವು. ತೊಡೆ ಸ್ವಲ್ಪ ಅದುರಿತು, ಅಷ್ಟೇ. ಸಂಜೆ ಅಮ್ಮ ಎಣ್ಣೆ ಹಚ್ಚುವಾಗ ನೋಡಿದರೆ ಬಲ ತೊಡೆಯ ಮೇಲೆ ರೂಪಾಯಿ ಅಗಲದ ಕೆಂಪು ಕಲೆ, ನಡುವೆ ಗುಳ್ಳೆ. ನನಗೆ ಗೊತ್ತೇ ಆಗಿರಲಿಲ್ಲ.

ಕರೆಂಟ್ ಕಡಿಮೆ ಮಾಡಿ ಮುಂದುವರಿಸಬಹುದಾ? ಹಾಸಿಗೆಗೆ ಹೋಗುವಾಗ ಕಾಲು ತಾನಾಗೇ ಒದೆಯುತ್ತದೆ, ಅದಕ್ಕೇನಾದರೂ ತೊಂದರೆ ಇದೆಯಾ? ಆವತ್ತು ಸ್ವಲ್ಪ ತಲೆನೋವು, ಮುಖವೆಲ್ಲ ಬೆವರು. ಅದು ಬಿಸಿಲಿಗೆ ಇರಬೇಕು.

ಶನಿವಾರಸಂತೆ ಟಿ4:

ಬಿಸಿಲಿಗೆ ಅಲ್ಲ ಮಾರಾಯರೆ. ಎಲ್ಲ ಬರೆದು ಕೊನೆಗೆ ಒಂದು ಸಾಲು ತಲೆನೋವು ಅಂತ ಸೇರಿಸಿದ್ದೀರಲ್ಲ, ನನಗೆ ಭಯ ಆಗಿದ್ದು ಅದಕ್ಕೇ.

ನನ್ನದು ಟಿ4, ಎಂಟು ವರ್ಷ ಆಯಿತು. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತ ಒಂದು ಬರುತ್ತದೆ. ಕೆಳಗೆ ಏನೋ ಚುಚ್ಚುತ್ತದೆ, ಉರಿಯುತ್ತದೆ, ಇಲ್ಲ ಮೂತ್ರ ತುಂಬಿಕೊಳ್ಳುತ್ತದೆ. ಸುದ್ದಿ ತಲೆಗೆ ಮುಟ್ಟುವುದಿಲ್ಲ. ಆದರೆ ಬಿಪಿ ಮಾತ್ರ ಏರುತ್ತಾ ಹೋಗುತ್ತದೆ. ಕರೆಂಟೇ ಅದನ್ನು ಶುರು ಮಾಡಬಹುದು.

ನನ್ನ ಕತೆ ಕೇಳಿ. ಒಂದು ಸೆಂಟರ್‌ನಲ್ಲಿ ನನ್ನನ್ನು ಸೈಕಲ್‌ಗೆ ಕೂರಿಸಿ ಹುಡುಗ ಟೀ ಕುಡಿಯಲು ಹೋದ. ತೊಡೆಯ ಬೆಲ್ಟ್ ಕೆಳಗೆ ಮೂತ್ರ ಹೋಗುವ ಕ್ಯಾಥೆಟರ್ ಪೈಪ್ ಮಡಚಿಕೊಂಡಿತ್ತು. ಹತ್ತು ನಿಮಿಷದಲ್ಲಿ ತಲೆಯೊಳಗೆ ಒನಕೆ ಕುಟ್ಟಿದ ಹಾಗೆ. ಕುತ್ತಿಗೆ ಕೆಂಪು, ಹಣೆಯಲ್ಲಿ ನೀರು, ಕಾಲು ಮಾತ್ರ ತಣ್ಣಗೆ. ಪಕ್ಕದಲ್ಲಿದ್ದ ಇನ್ನೊಬ್ಬ ಪೇಷಂಟ್‌ನ ಹೆಂಡತಿ ಓಡಿ ಬಂದು ಮೆಷಿನ್ ಆಫ್ ಮಾಡಿದರು. ಬಿಪಿಯ ಮೇಲಿನ ಅಂಕಿ 170. ನನ್ನ ಮಾಮೂಲಿ 100. ನೆಟ್ಟಗೆ ಕೂರಿಸಿ, ಬೆಲ್ಟ್ ಸಡಿಲ ಮಾಡಿ, ಪೈಪ್ ಬಿಡಿಸಿದ ಮೇಲೆ ಇಳಿಯಿತು. ಇಳಿಯದಿದ್ದರೆ ಸೀದಾ ಆಸ್ಪತ್ರೆ. ಮೆದುಳಿನಲ್ಲಿ ರಕ್ತಸ್ರಾವ ಆಗುವವರೆಗೂ ಹೋಗಬಹುದು.

ಇನ್ನೊಂದು ವಿಷಯ. ನಮ್ಮಂಥವರಿಗೆ 135 ಬಂದರೆ ಬೇರೆಯವರ ಕಣ್ಣಿಗೆ ಅದು ನಾರ್ಮಲ್. ಮಾಮೂಲಿಗಿಂತ 20 ರಿಂದ 40 ಏರಿದರೆ ನಮಗೆ ಅದೇ ಅಪಾಯ. ನಿಮ್ಮ ಮಾಮೂಲಿ ಬಿಪಿ ಎಷ್ಟು ಅಂತ ಒಂದು ವಾರ ಬರೆದಿಟ್ಟುಕೊಳ್ಳಿ. ಈ ಬಿಪಿ ಏರುವ ತೊಂದರೆ ಏನು, ಹೇಗೆ ಅಂತ ಒಂದು ಚೀಟಿ ಬರೆದು ಕುರ್ಚಿಯ ಚೀಲದಲ್ಲಿಡಿ. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರ್ ಇದನ್ನು ನೋಡಿಯೇ ಇರದಿರಬಹುದು.

ಈಗ ನಾನು ಮೂತ್ರ ಖಾಲಿ ಮಾಡದೆ ಸೈಕಲ್ ಮುಟ್ಟುವುದಿಲ್ಲ. ಬಿಪಿ ಮೊದಲು, ನಡುವೆ, ಆಮೇಲೆ. ಯಾರಾದರೂ ಪಕ್ಕದಲ್ಲಿ ಇರಲೇಬೇಕು, ಟೀ ಅಲ್ಲೇ ತರಿಸಿಕೊಳ್ಳಲಿ.

ಫಿಸಿಯೋ, ಮೈಸೂರು:

ಮೇಲಿನವರು ಹೇಳಿದ್ದು ಸರಿ. ಗುಳ್ಳೆ ಪೂರ್ತಿ ವಾಸಿಯಾಗುವ ತನಕ ಆ ಜಾಗಕ್ಕೆ ಪ್ಯಾಡ್ ಬೇಡವೇ ಬೇಡ.

ಕಾಲು ಒದೆಯುವುದು ಒಂದು ಲೆಕ್ಕದಲ್ಲಿ ಒಳ್ಳೆಯ ಸೂಚನೆ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರ ಬದುಕಿದೆ ಅಂತ ಅರ್ಥ. ಆ ನರ ಸತ್ತು ಕಾಲು ಪೂರ್ತಿ ಮೆತ್ತಗಾಗಿದ್ದರೆ ಈ ಸೈಕಲ್ ಕೆಲಸ ಮಾಡುವುದಿಲ್ಲ. ಟೆನ್ಸ್ ಇರುವುದು ನೋವು ಮರೆಸಲಿಕ್ಕೆ. ಎಫ್‌ಇಎಸ್ ಮೆಷಿನ್ ಪೆಡಲ್ ಎಲ್ಲಿದೆ ಅಂತ ನೋಡಿಕೊಂಡು ತೊಡೆಯ ಮುಂದಿನ, ಹಿಂದಿನ ಮತ್ತು ಕುಂಡಿಯ ಸ್ನಾಯುಗಳನ್ನು ಸರದಿಯಲ್ಲಿ ಎಬ್ಬಿಸುತ್ತದೆ. ಕಾಲು ಸೆಟೆದುಕೊಂಡರೆ ಒಳ್ಳೆಯ ಮೆಷಿನ್ ತಾನೇ ನಿಲ್ಲುತ್ತದೆ. ಪಲ್ಪರ್ ಮೋಟಾರ್‌ಗೆ ಕಾಲೂ ಒಂದೇ, ಕಾಫಿ ಹಣ್ಣೂ ಒಂದೇ.

ನನ್ನ ದೊಡ್ಡ ಚಿಂತೆ ಮೂಳೆ. ಭಾರ ಬೀಳದ ಕಾಲಿನ ಮೂಳೆ ಮೊದಲ ಒಂದೆರಡು ವರ್ಷದಲ್ಲೇ ತುಂಬಾ ಸವೆಯುತ್ತದೆ, ಮೊಣಕಾಲಿನ ಸುತ್ತಮುತ್ತ ಜಾಸ್ತಿ. ಮೋಟಾರ್ ಒಂದು ಕಡೆ ಎಳೆದು, ಕಾಲು ಒದೆಯಿಸುವ ಸೆಳೆತ ಇನ್ನೊಂದು ಕಡೆ ಎಳೆದರೆ ಮೂಳೆ ಮುರಿಯಬಹುದು, ನಿಮಗೆ ನೋವೂ ಆಗುವುದಿಲ್ಲ. ಆಮೇಲೆ ಊದಿಕೊಂಡಾಗಲೇ ಗೊತ್ತಾಗುವುದು. ಮೊದಲು ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯಾ, ಪೇಸ್‌ಮೇಕರ್ ಇದೆಯಾ, ಒತ್ತಡದ ಹುಣ್ಣು ಇದೆಯಾ, ಇದನ್ನೆಲ್ಲ ಡಾಕ್ಟರ್ ನೋಡದೆ ಶುರು ಮಾಡಬಾರದು.

ಮೊದಲ ದಿನವೇ ಇಪ್ಪತ್ತು ನಿಮಿಷ ಅಂದರೆ ಅತಿ. ಎಷ್ಟೋ ಜನರ ಸ್ನಾಯು ಶುರುವಿನಲ್ಲಿ ಎರಡು ಮೂರು ನಿಮಿಷಕ್ಕೇ ಸೋಲುತ್ತದೆ. ಕೆಲವು ವಾರ ಕೂತಲ್ಲೇ ತೊಡೆಗೆ ಕರೆಂಟ್ ಕೊಟ್ಟು ಬಲ ಬರಿಸಿ, ಆಮೇಲೆ ಸೈಕಲ್. ನಿಧಾನಕ್ಕೆ ವಾರಕ್ಕೆ ಮೂರು ದಿನ, ಅರ್ಧ ಗಂಟೆಗೆ ತಲುಪಬಹುದು. ತೊಡೆ ತುಂಬಿಕೊಳ್ಳುತ್ತದೆ, ಕೆಲವರಿಗೆ ಸೆಳೆತವೂ ತಗ್ಗುತ್ತದೆ. ಇದರಿಂದ ನಡೆಯಲು ಬರುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಬಿಟ್ಟರೆ ತೊಡೆ ಮತ್ತೆ ಇಳಿಯುತ್ತದೆ ಅನ್ನುವುದೂ ಗೊತ್ತಿರಲಿ.

ಒಂದು ಪ್ರಶ್ನೆ: ಅಮ್ಮ ಎಣ್ಣೆ ಹಚ್ಚುವುದು ದಿನಕ್ಕೆ ಎಷ್ಟು ಸಲ?

ಏಣಿಯಿಂದಿಳಿದವ:

ಬೆಳಿಗ್ಗೆ ಒಂದು, ಸಂಜೆ ಒಂದು. ತೆಂಗಿನೆಣ್ಣೆ. ಭಾನುವಾರವೂ ಬೆಳಿಗ್ಗೆ ಹಚ್ಚಿದ್ದರು.

ಫಿಸಿಯೋ, ಮೈಸೂರು:

ಅಲ್ಲೇ ಆಗಿದ್ದು. ಎಣ್ಣೆ ಇದ್ದರೆ ಪ್ಯಾಡ್ ಹಿಡಿಯುವುದಿಲ್ಲ, ಅಂಚು ಏಳುತ್ತದೆ. ಆಗ ಕರೆಂಟೆಲ್ಲ ಅಂಟಿಕೊಂಡಿರುವ ಸಣ್ಣ ಜಾಗದಲ್ಲೇ ನುಗ್ಗುತ್ತದೆ. ಸೋಪು ನೀರಲ್ಲಿ ತೊಳೆದು ಪೂರ್ತಿ ಒರೆಸಿ. ಕೂದಲು ಕತ್ತರಿಯಲ್ಲಿ ಗಿಡ್ಡ ಮಾಡಿ, ಬ್ಲೇಡ್ ಬೇಡ. ಅಂಟು ಹೋದ ಪ್ಯಾಡ್ ಎಸೆಯಿರಿ, ಉಳಿಸಲು ಹೋಗಬೇಡಿ. ತೆಗೆದ ತಕ್ಷಣ ಚರ್ಮ ನೋಡಿ. ಸ್ವಲ್ಪ ಕೆಂಪಾಗಿದ್ದರೆ ಆ ಕೆಂಪು ಬೇಗ ಮಾಯವಾಗಬೇಕು, ಹಾಗೇ ಉಳಿದರೆ ನಿಲ್ಲಿಸಿ.

ಏಣಿಯಿಂದಿಳಿದವ:

ಅಮ್ಮನಿಗೆ ಓದಿ ಹೇಳಿದೆ. ಎಣ್ಣೆಯದ್ದು ತಪ್ಪು ಅಂತ ಇನ್ನೂ ಒಪ್ಪಿಲ್ಲ. ಮೂವತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಯಾರ ಕಾಲೂ ಸುಟ್ಟಿಲ್ಲ ಅಂತಾರೆ. ಕೊನೆಗೆ ರಾಜಿ ಆಯಿತು: ಸೈಕಲ್ ಇಲ್ಲದ ದಿನ ಮಾತ್ರ ಎಣ್ಣೆ.

ಬಿಪಿ ಮೆಷಿನ್ ತಂದೆವು. ಮೂರು ದಿನದಿಂದ 96, 102, 98. ಮುಂದಿನ ವಾರ ಮೈಸೂರಿಗೆ ಹೋಗುವಾಗ ಸ್ಕ್ಯಾನ್ ಮಾಡಿಸುತ್ತೇನೆ. ತಮ್ಮ ಮುಖ ಸಪ್ಪೆ ಮಾಡಿಕೊಂಡು ಮೋಟಾರ್ ಬಿಚ್ಚಿ ವಾಪಸ್ ಪಲ್ಪರ್‌ಗೆ ಹಾಕಿದ್ದಾನೆ. ಶನಿವಾರಸಂತೆಯವರೇ, ಆ ಚೀಟಿಯಲ್ಲಿ ನೀವು ಏನು ಬರೆದಿದ್ದೀರಿ? ಒಂದು ಫೋಟೋ ಹಾಕಿದರೆ ಹಾಗೇ ಬರೆದುಕೊಳ್ಳುತ್ತೇನೆ.