ಸೈಟು ದುಬೈದಾಗ ತೆರಿವಲ್ದು, ಯಾಕ?

ಪ್ರಶ್ನೆ: ನಮ್ಮ ಬಿದ್ರಿ ಸಾಮಾನಿನ ಸೈಟು ಬೀದರದಾಗ ಛಲೋ ತೆರಿತದ. ದುಬೈ, ಜೆಡ್ಡಾ ಗಿರಾಕಿಗಳಿಗೆ ಮಾತ್ರ 1020 ಎರರ್. ಕೆಲವರಿಗೆ ಕ್ಯಾಪ್ಚಾ ಪುಟಾನೇ ತಿರುಗಿ ತಿರುಗಿ ಬರ್ತದ. ಸೈಟಿಗೆ ಬರೋರನ್ನ ಸೋಸಿ ಬಿಡೋ ಕ್ಲೌಡ್‌ಫ್ಲೇರ್ ಸೇವೆ ಹಚ್ಚೀವಿ. ಏನ್ ಮಾಡ್ಬೇಕ್ರಿ?

ಉತ್ತರ 1: 1020 ಅಂದ್ರ ನಿಮ್ಮ ಕ್ಲೌಡ್‌ಫ್ಲೇರ್ ಖಾತೆದಾಗಿನ ಫೈರ್‌ವಾಲ್ ರೂಲೇ (ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅನ್ನೋ ನಿಯಮ) ತಡಿಲಿಕತ್ತದ, ಹೋಸ್ಟಿಂಗ್‌ನವರನ್ನ ಬೈಬ್ಯಾಡ್ರಿ. ಎರರ್ ಪುಟದಾಗಿನ ರೇ ಐಡಿ (ಆ ಭೇಟಿಯ ಗುರುತಿನ ನಂಬರ್) ಗಿರಾಕಿ ಕಡಿಂದ ತರಿಸ್ಕೋರಿ. ಕ್ಲೌಡ್‌ಫ್ಲೇರಿನ ‘ಸೆಕ್ಯುರಿಟಿ ಈವೆಂಟ್ಸ್’ ಪುಟದಾಗ ಅದನ್ನ ಹಾಕಿದ್ರ ಯಾವ ರೂಲ್ ಅಂತ ಹೆಸರು ಸಮೇತ ಬರ್ತದ. ಬಹಳ ಮಾಡಿ ‘ಭಾರತ ಬಿಟ್ಟು ಎಲ್ಲಾ ಬ್ಲಾಕ್’ ಇರಬೇಕು. ಅದನ್ನ ಅಡ್ಮಿನ್ ಲಾಗಿನ್ ಪುಟಕ್ಕಷ್ಟೇ ಇಡ್ರಿ.

ಉತ್ತರ 2: ಗಿರಾಕಿಗಳ ಐಪಿ (ನೆಟ್ ವಿಳಾಸ) ಒಂದೊಂದೇ ಅಲೋ ಮಾಡ್ಕೋತ ಕೂಡಬ್ಯಾಡ್ರಿ. ಮೊಬೈಲ್ ನೆಟ್‌ನಾಗ ಒಂದೇ ಐಪಿ ಹಿಂದ ನೂರಾರು ಮಂದಿ ಇರ್ತಾರ. ಅವರಾಗ ಒಬ್ಬ ಬಾಟ್ (ತಾನಾಗೇ ಸೈಟು ತೆರಿಯೋ ಪ್ರೋಗ್ರಾಂ) ಓಡಿಸಿದ್ರ ಉಳಿದವರಿಗೂ ಚಾಲೆಂಜ್, ಅಂದ್ರ ಕ್ಯಾಪ್ಚಾದಂಥ ಪರೀಕ್ಷೆ ಬರ್ತದ. ಬ್ರೌಸರ್‌ನಾಗ ಕುಕಿ (ಸೈಟು ಇಡೋ ಸಣ್ಣ ಗುರುತು) ಬಂದ್ ಇದ್ರೂ ಕ್ಯಾಪ್ಚಾ ಪುಟ ಹಂಗೇ ಸುತ್ತತದ.

ಉತ್ತರ 3: ಬ್ಲಾಕ್ ಬದಲು ಮ್ಯಾನೇಜ್ಡ್ ಚಾಲೆಂಜ್ (ಯಾವ ಪರೀಕ್ಷೆ ಅಂತ ಕ್ಲೌಡ್‌ಫ್ಲೇರೇ ಆರಿಸೋದು) ಹಾಕೋರಿದ್ರ, ಪೇಮೆಂಟ್ ವೆಬ್‌ಹುಕ್ ಪಾಥಿಗೆ (ರೊಕ್ಕ ಬಂತು ಅಂತ ಪೇಮೆಂಟ್ ಕಂಪನಿ ಸರ್ವರ್ ಸುದ್ದಿ ಕಳಿಸೋ ವಿಳಾಸಕ್ಕ) ಮೊದಲ ಸ್ಕಿಪ್ ರೂಲ್ (ಪರೀಕ್ಷೆ ಬ್ಯಾಡ ಅನ್ನೋ ನಿಯಮ) ಬರೀರಿ. ಆ ಸರ್ವರ್‌ಗೆ ಚಾಲೆಂಜ್ ಬಿಡಿಸ್ಲಿಕ್ಕ ಬರಂಗಿಲ್ಲ, ಸುದ್ದಿ ನಿಮಗ ಮುಟ್ಟಂಗಿಲ್ಲ. ಗಿರಾಕಿ ರೊಕ್ಕ ಕಟ್ಟಾದ್ರೂ ಆರ್ಡರ್ ‘ಪೆಂಡಿಂಗ್’ ಅಂತಾನೇ ಕೂಡ್ತದ.